ಭಯವೂ ಅರತಿಯೂ

ಬೃಹದಾರಣ್ಯಕೋಪನಿಷತ್ತಿನ ಮೊದಲನೆಯ ಅಧ್ಯಾಯದಲ್ಲಿ ಸೃಷ್ಟಿಯ ಆದಿಯನ್ನು ಕುರಿತ ಒಂದು ಆಖ್ಯಾಯಿಕೆಯಿದೆ. ಇನ್ನೂ ಯಾವುದೂ ಹುಟ್ಟದಿದ್ದ ಕಾಲದಲ್ಲಿ ಪುರುಷಾಕಾರನಾದ ಪ್ರಜಾಪತಿಯೊಬ್ಬನೇ ಇದ್ದನು; ಸುತ್ತಲೂ ನೋಡಿ, ತನ್ನ ಹೊರತು ಮತ್ತೇನೂ ಕಾಣದೆ, ಹೆದರಿದನು; ಹೆದರಿದವನು, ಬೇರೊಂದು ವಸ್ತುವೇ ಇಲ್ಲದಿರುವಾಗ ತಾನು ಹೆದರುವುದಾದರೂ ಯಾವುದಕ್ಕೆ ಎಂದು ವಿಚಾರಮಾಡಿದನು; ಆ ವಿಚಾರದಿಂದ ಭಯವು ತೊಲಗಿತು. ಭಯವೆಂಬುದು ಎರಡನೆಯದೊಂದರಿಂದಲೇ ಉಂಟಾಗತಕ್ಕದ್ದೆಂದು ಶ್ರುತಿಯು ಅಲ್ಲಿಯೇ ಕಾರಣವನ್ನೂ ಸೇರಿಸಿ ಹೇಳುತ್ತದೆ. ನಮ್ಮ ಪ್ರವಚನಕಾರರಲ್ಲಿ ಬಹುಮಂದಿ ಈ ಸ್ಥಳಕ್ಕೆ ಬಂದು ನಿಂತು, ಅದ್ವೈತವೇ ಅಭಯವೆಂದು ಉಪಸಂಹಾರ ಮಾಡಿ, ಮಂಗಳಾರತಿಗೆ ಅಪ್ಪಣೆ ಕೊಟ್ಟುಬಿಡುವುದುಂಟು. ಉಪನಿಷತ್ತು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಭಯವು ಹೋದಮೇಲೂ ಅವನಿಗೆ ಸಂತೋಷವಾಗಲಿಲ್ಲವೆಂದೂ (ಈ ಅಸಂತೋಷವೇ ಅರತಿ), ಒಂಟಿಯಾಗಿರುವವನಿಗೆ ಇಂದಿಗೂ ಸಂತೋಷವಾಗದಿರುವುದು ಅದರಿಂದಲೇ ಎಂದೂ, ಆದಕಾರಣ ಅವನು ಎರಡನೆಯದೊಂದನ್ನು ಬಯಸಿದನೆಂದೂ ಮುಂದಿನ ವಾಕ್ಯಗಳು ತಿಳಿಸುತ್ತವೆ.

ಈ ಎರಡು ಘಟ್ಟಗಳ ನಡುವೆ ಇರುವ ಅಂತರವನ್ನು ಗಮನಿಸಿದವರು ವಿರಳವೆಂದು ನನ್ನ ಭಾವನೆ. ಭಯವನ್ನು ಕಳೆದುಕೊಳ್ಳುವುದಕ್ಕೆ ಪ್ರಜಾಪತಿಗೆ ವಿಚಾರವೊಂದೇ ಸಾಕಾಯಿತು. ಸಂತೋಷವನ್ನು ಪಡೆಯುವುದಕ್ಕೆ ವಿಚಾರವು ಸಾಲದೆಹೋಯಿತು. ಯಾವ ಎರಡನೆಯದರಿಂದ ಭಯವು ಹುಟ್ಟುವುದೋ ಆ ಎರಡನೆಯದರಿಂದಲೇ ರತಿಯೂ ಹುಟ್ಟಬೇಕು. ಹಾಗಾದರೆ, ಕಳವಳದಲ್ಲಿ ದಿನಗಳೆಯುವ ಮನುಷ್ಯನು, ಮೊದಲು ಈ ಕಳವಳ ಕಳೆಯಲಿ, ಆಮೇಲೆ ನನಗೆ ಪ್ರಿಯವಾದದ್ದನ್ನು ಮಾಡೋಣವೆಂದು ಕಾದು ಕುಳಿತುಕೊಳ್ಳುವುದು ಎಷ್ಟರಮಟ್ಟಿಗೆ ಸರಿ? ಆತಂಕವು ನಿವಾರಣೆಯಾದ ಮಾತ್ರಕ್ಕೆ ಉಲ್ಲಾಸವು ತಾನಾಗಿ ಬಂದು ಆ ತೆರವಾದ ಜಾಗದಲ್ಲಿ ಕುಳಿತುಕೊಳ್ಳುವುದೆಂಬುದಕ್ಕೆ ಈ ಆಖ್ಯಾಯಿಕೆಯಲ್ಲಿ ಆಧಾರವಿಲ್ಲ. ಆಧಾರವಿರುವುದು ಅದಕ್ಕೆ ವಿರುದ್ಧವಾದ ಪಕ್ಷಕ್ಕೆ.

ಆತಂಕದೊಡನೆ ಬಾಳುವವರ ಸ್ಥಿತಿಯನ್ನು ಹೊರಗಿನವರು ಸಾಮಾನ್ಯವಾಗಿ ಸೋಮಾರಿತನವೆಂದು ತಿಳಿಯುತ್ತಾರೆ. ಆದರೆ ಅಂಥವರು ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಾರೆ. ಕಂದಾಯದ ಕಂತನ್ನು ಗಡುವಿಗೆ ಮೊದಲೇ ಕಟ್ಟುತ್ತಾರೆ. ಮಗಳ ಶಾಲೆಯ ಅರ್ಜಿಯನ್ನು ನಾಲ್ಕು ಸಲ ಓದಿ, ಐದನೆಯ ಸಲ ಓದಿಲ್ಲವಲ್ಲಾ ಎಂದು ನಿದ್ದೆಗೆಡುತ್ತಾರೆ. ಕರ್ತವ್ಯದಲ್ಲಿ ಇವರನ್ನು ಮೀರಿಸಿದವರಿಲ್ಲ. ಏನೂ ಮಾಡಲಾರೆನೆಂದು ಕೈಚೆಲ್ಲುವುದು, ಪ್ರಿಯವಾದದ್ದರ ಮುಂದೆ ಬಂದು ನಿಂತಾಗ: ಒಂದು ಕಾಲದಲ್ಲಿ ಊಟ ಬಿಟ್ಟು ಹೋಗುತ್ತಿದ್ದ ಕಚೇರಿ ಇಂದು ಪಕ್ಕದ ಬೀದಿಯಲ್ಲೇ ನಡೆದರೂ ಎದ್ದು ಹೋಗಲಾಗುವುದಿಲ್ಲ (ನಾನು ಹೇಳುವುದು ಸಂಗೀತ ಕಚೇರಿ, ಇನ್ನೊಂದಕ್ಕೆ ಅವರು ಜ್ವರವಿದ್ದರೂ ಹೋಗುತ್ತಾರೆ). ಇದರ ಕಾರಣವು ಯೋಚಿಸಿದರೆ ಗೂಢವೇನೂ ಅಲ್ಲ. ಬಹುಕಾಲ ಭಯವನ್ನೇ ಸಾರಥಿಯನ್ನಾಗಿ ಮಾಡಿಕೊಂಡವನಿಗೆ, ಭಯವು ಒತ್ತಿ ನಡೆಸದ ಯಾವ ಕೆಲಸಕ್ಕೂ ಕಾಲು ಏಳುವುದಿಲ್ಲ. ಕಂದಾಯ ಕಟ್ಟದಿದ್ದರೆ ಜಪ್ತಿ ಬರುತ್ತದೆ. ಅರ್ಜಿ ತಪ್ಪಿದರೆ ಮಗುವಿನ ವರ್ಷ ಹಾಳಾಗುತ್ತದೆ. ಆದರೆ ವೀಣೆಯನ್ನು ಮುಟ್ಟದಿದ್ದರೆ ಏನಾಗುತ್ತದೆ? ಯಾರೂ ಗದರುವುದಿಲ್ಲ, ಏನೂ ಕೆಡುವುದಿಲ್ಲ. ದಂಡವಿಲ್ಲದ ಕಾರ್ಯವು ಅವನ ಪಾಲಿಗೆ ಆಜ್ಞೆಯಿಲ್ಲದ ಕಾರ್ಯವಾಗಿಬಿಡುತ್ತದೆ. ಸಂತೋಷವು ಯಾರನ್ನೂ ಹೆದರಿಸದೆ ಇರುವುದೇ ಅದಕ್ಕೆ ಅನರ್ಹತೆಯಾಗಿ ಪರಿಣಮಿಸುತ್ತದೆ.

ಹಿತೈಷಿಗಳು ಹೇಳುವ ಮಾತು ಒಂದೇ: ಮನಸ್ಸು ಮಾಡು, ಆಸೆ ಇಟ್ಟುಕೋ. ಈ ಮಾತಿನಲ್ಲಿರುವ ಕೊರತೆಯನ್ನು ವಿದ್ಯಾರಣ್ಯರ ಹೆಸರಿನಲ್ಲಿ ನಮಗೆ ಬಂದಿರುವ ಪಂಚದಶಿಯಿಂದ ಚೆನ್ನಾಗಿ ತಿಳಿಯಬಹುದು. ಹದಿನೈದು ಪ್ರಕರಣಗಳ ಆ ಗ್ರಂಥದಲ್ಲಿ ಕಡೆಯ ಐದು ಆನಂದವನ್ನು ಕುರಿತವು. ಅವುಗಳಲ್ಲಿಯೂ ಕೊನೆಯದು ವಿಷಯಾನಂದಪ್ರಕರಣ, ಎಂದರೆ ಲೋಕದ ಸಾಧಾರಣ ಸುಖಗಳ ವಿಚಾರ. ಶೃಂಗೇರಿಯ ಪೀಠವನ್ನು ಅಲಂಕರಿಸಿದ ಯತಿಗಳು ಇಂಥ ವಿಷಯಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟರೆಂಬುದು ಮೊದಲ ಆಶ್ಚರ್ಯ; ಅದನ್ನು ಬ್ರಹ್ಮಾನಂದದ ಅಂಶವೆಂದೂ ಅದಕ್ಕೆ ದ್ವಾರವೆಂದೂ ಅಂಗೀಕರಿಸಿದರೆಂಬುದು ಎರಡನೆಯದು. ಅಲ್ಲಿ ಮನೋವೃತ್ತಿಗಳನ್ನು ಶಾಂತ, ಘೋರ, ಮೂಢ ಎಂದು ಮೂರಾಗಿ ವಿಂಗಡಿಸಿದೆ. ವೈರಾಗ್ಯ, ಕ್ಷಮೆ, ಔದಾರ್ಯ ಮೊದಲಾದವು ಶಾಂತವೃತ್ತಿಗಳು. ತೃಷ್ಣೆ, ಲೋಭ ಮುಂತಾದವು ಘೋರವೃತ್ತಿಗಳು. ಭ್ರಾಂತಿಯೂ ಭಯವೂ ಮೂಢವೃತ್ತಿಗಳು. ಎಲ್ಲ ವೃತ್ತಿಗಳಲ್ಲಿಯೂ ಬ್ರಹ್ಮದ ಚೈತನ್ಯವು ಪ್ರತಿಫಲಿಸುತ್ತದೆ. ಆದರೆ ಘೋರ ಮೂಢಗಳಲ್ಲಿ ಚೈತನ್ಯ ಮಾತ್ರ ತೋರಿ ಆನಂದವು ಮರೆಯಾಗುತ್ತದೆ, ಶಾಂತದಲ್ಲಿ ಎರಡೂ ತೋರುತ್ತವೆ. ಇದಕ್ಕೆ ಗ್ರಂಥಕಾರರು ಕೊಡುವ ದೃಷ್ಟಾಂತವು ಮನೆಮನೆಯ ಒಲೆಯಿಂದ ತೆಗೆದದ್ದು. ಬೆಂಕಿಯ ಮೇಲಿಟ್ಟ ನೀರಿಗೆ ಅದರ ಕಾವು ಸೇರುತ್ತದೆ, ಬೆಳಕು ಸೇರುವುದಿಲ್ಲ. ಕಟ್ಟಿಗೆಗಾದರೆ ಕಾವೂ ಸೇರುತ್ತದೆ, ಬೆಳಕೂ ಸೇರುತ್ತದೆ.

ಆತಂಕದ ಅನುಭವವನ್ನು ಇದಕ್ಕಿಂತ ಯಥಾರ್ಥವಾಗಿ ವರ್ಣಿಸಿದ ಮಾತು ನನಗೆ ಬೇರೆಲ್ಲಿಯೂ ದೊರೆತಿಲ್ಲ. ಅಂಥವನಿಗೆ ಅರಿವು ಕುಂದಿರುವುದಿಲ್ಲ. ಹಾಡು ಕೇಳಿಸುತ್ತದೆ, ರಾಗ ಯಾವುದೆಂದು ತಿಳಿಯುತ್ತದೆ, ಎಲ್ಲಿ ಸೊಗಸಾಯಿತೆಂದೂ ಗೊತ್ತಾಗುತ್ತದೆ. ತಿಳಿಯುವುದೆಲ್ಲ ತಿಳಿದು ಹಿಗ್ಗು ಮಾತ್ರ ಬರುವುದಿಲ್ಲ. ಹೀಗಿರುವಲ್ಲಿ ಆಸೆ ಇಟ್ಟುಕೋ ಎಂದು ಉಪದೇಶ ಮಾಡಿದರೆ ಆಗುವುದೇನು? ತೃಷ್ಣೆಯೂ ಘೋರವೃತ್ತಿಗಳ ಸಾಲಿನಲ್ಲಿಯೇ ಇದೆ. ಮೂಢವನ್ನು ಬಿಡಿಸಿ ಘೋರಕ್ಕೆ ತಳ್ಳಿದರೆ ನೀರು ನೀರಾಗಿಯೇ ಉಳಿಯಿತು, ಇನ್ನಷ್ಟು ಕುದಿಯಿತು. ಉತ್ಕಟವಾದ ಬಯಕೆ ಹುಟ್ಟಿದ ಹೊರತು ಪ್ರಿಯವಾದ ಕೆಲಸಕ್ಕೆ ಕೈಹಾಕಲಾಗದೆಂಬ ನಮ್ಮ ಕಾಲದ ನಂಬಿಕೆಗೆ ಪಂಚದಶಿಯಲ್ಲಿ ಬೆಂಬಲವಿಲ್ಲ. ಅದು ಸೂಚಿಸುವ ದ್ವಾರಗಳು ಬೇರೆ. ಅವುಗಳಲ್ಲಿ ಔದಾರ್ಯವೂ ಒಂದೆಂಬುದನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಅದಕ್ಕೆ ಮೊದಲು ಒಂದು ಧರ್ಮಸಂಕಟವನ್ನು ಬಿಡಿಸಬೇಕಾಗಿದೆ. ಆಸ್ತಿಕರ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಆತಂಕವು ಬಂದಾಗ ಅದರ ಬೆನ್ನಿಗೇ ಇನ್ನೊಂದು ಅಳುಕು ಬರುತ್ತದೆ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಯಮನು ನಚಿಕೇತನಿಗೆ ಹೇಳಿದ್ದಾನಲ್ಲ. ಇಷ್ಟು ಕಷ್ಟದ ನಡುವೆ ಪ್ರಿಯವಾದದ್ದನ್ನು ಅರಸುವುದು ಮಂದಬುದ್ಧಿಯ ಲಕ್ಷಣವಲ್ಲವೆ. ಇರುವ ಸ್ವಲ್ಪ ಶಕ್ತಿಯನ್ನು ಜಪಕ್ಕೋ ಪಾರಾಯಣಕ್ಕೋ ಕೊಡಬಾರದೆ? ಕಠೋಪನಿಷತ್ತಿನ ಆ ಪ್ರಕರಣವನ್ನು ಎತ್ತಿ ಹೇಳುವವರು, ನಚಿಕೇತನ ಮುಂದೆ ಯಮನು ಒಡ್ಡಿದ್ದು ದೀರ್ಘಾಯುಸ್ಸು, ಆನೆ ಕುದುರೆ, ಚಿನ್ನ, ಅಪ್ಸರೆಯರು ಎಂಬುದನ್ನು ಮರೆಯುತ್ತಾರೆ. ಸಂಜೆ ಅರ್ಧ ಗಳಿಗೆ ಹಿತ್ತಲಿನ ಮಲ್ಲಿಗೆಯ ಬಳ್ಳಿಗೆ ಚಪ್ಪರ ಕಟ್ಟುವುದು ಆ ಪಟ್ಟಿಯಲ್ಲಿಲ್ಲ. ತೈತ್ತಿರೀಯವಂತೂ ಬ್ರಹ್ಮಾನಂದವನ್ನು ಅಳೆಯಹೊರಟಾಗ ಮನುಷ್ಯನ ಸುಖವನ್ನೇ ಮೂಲಮಾನವಾಗಿ ಹಿಡಿಯುತ್ತದೆ: ಸಾಧುವೂ ಅಧ್ಯಯನಶೀಲನೂ ದೃಢಕಾಯನೂ ಆದ ಒಬ್ಬ ತರುಣನಿಗೆ ಸಂಪದ್ಭರಿತವಾದ ಭೂಮಿಯೆಲ್ಲ ದೊರೆತರೆ ಎಷ್ಟು ಆನಂದವೋ ಅದು ಒಂದು ಅಳತೆ; ಅದರ ನೂರರಷ್ಟು ಮೇಲಿನದು, ಅದರ ನೂರರಷ್ಟು ಅದಕ್ಕೂ ಮೇಲಿನದು, ಹೀಗೆ ಹತ್ತುತ್ತ ಬ್ರಹ್ಮದವರೆಗೆ ಹೋಗುತ್ತದೆ. ಎಷ್ಟು ಹತ್ತಿದರೂ ಹಿಡಿದ ಸೇರು ಬದಲಾಗಲಿಲ್ಲ. ಮಾನವಾನಂದವು ಹೇಯವಾಗಿದ್ದಿದ್ದರೆ ಋಷಿಗಳು ಅದನ್ನು ಅಳತೆಗೋಲಾಗಿ ಆರಿಸಿಕೊಳ್ಳುತ್ತಿದ್ದರೆ? ವೈದ್ಯಶಾಸ್ತ್ರವು ಇನ್ನೂ ನೇರವಾಗಿ ಮಾತನಾಡುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪ್ರತಿಯೊಂದು ವರ್ಗದಲ್ಲಿಯೂ ಶ್ರೇಷ್ಠವಾದದ್ದು ಯಾವುದೆಂದು ಒಂದು ದೊಡ್ಡ ಗಣನೆಯಿದೆ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದಕ್ಕೂ, ತೃಪ್ತಿಕರವಾದವುಗಳಲ್ಲಿ ಹರ್ಷಕ್ಕೂ ಅಲ್ಲಿ ಮೊದಲ ಸ್ಥಾನ. ಹರ್ಷವನ್ನು ಔಷಧ ಪಥ್ಯಗಳ ಸಾಲಿನಲ್ಲಿ ನಿಲ್ಲಿಸಿದ ಆಚಾರ್ಯರ ಮುಂದೆ ನಮ್ಮ ಪಾಪಪ್ರಜ್ಞೆಯು ಸ್ವಲ್ಪ ಬಾಲಿಶವಾಗಿಯೇ ಕಾಣುತ್ತದೆ.

ಮೈಸೂರಿನಲ್ಲಿ ನಮ್ಮ ಬೀದಿಯಲ್ಲಿದ್ದ ಒಬ್ಬ ವಿಶ್ರಾಂತ ಉಪಾಧ್ಯಾಯರ ವಿಷಯವನ್ನು ಇಲ್ಲಿ ಹೇಳಬೇಕು. ಗದುಗಿನ ಭಾರತವನ್ನು ಅವರು ವಾಚಿಸಲು ಕುಳಿತರೆ ಜಗಲಿಯಲ್ಲಿ ಜಾಗ ಸಾಲುತ್ತಿರಲಿಲ್ಲ. ನಿವೃತ್ತರಾದ ಮೇಲೆ, ಕಾರಣವು ಇದೇ ಎಂದು ಹೇಳಲಾಗದಂತೆ, ಅವರಿಗೆ ಒಂದು ಬಗೆಯ ಕಳವಳ ಹಿಡಿಯಿತು. ಅಂಚೆಯವನು ಬಾಗಿಲಲ್ಲಿ ಕೂಗಿದರೆ ಎದೆ ಹೊಡೆದುಕೊಳ್ಳುವುದು. ರಾತ್ರಿ ಮಲಗಿದವರು ಎದ್ದು ಬಂದು ಅಗುಳಿಯನ್ನು ಮುಟ್ಟಿ ನೋಡಿ, ಹೋಗಿ ಮಲಗಿ, ಮತ್ತೆ ಎದ್ದು ಬರುವುದು. ವ್ಯಾಸಪೀಠದ ಮೇಲಿನ ಗ್ರಂಥಕ್ಕೆ ಕೆಂಪು ವಸ್ತ್ರವನ್ನು ಸುತ್ತಿ ಕಟ್ಟಿದ್ದು ಹಾಗೆಯೇ ಉಳಿಯಿತು. ಒಮ್ಮೆ ನಾನು ಸುಮ್ಮನಿರಲಾರದೆ, "ಮೇಷ್ಟ್ರೇ, ಒಂದು ಸಂಧಿಯನ್ನಾದರೂ ಓದಬಾರದೆ, ಮನಸ್ಸು ಹಗುರವಾಗುತ್ತದೆ" ಎಂದೆನು. ಅವರು ಸಿಟ್ಟಾಗಲಿಲ್ಲ. "ಬಿಚ್ಚಿದರೆ ಅಕ್ಷರ ಕಾಣುತ್ತೆ ಕಣಯ್ಯ, ರಾಗ ಏಳೋದಿಲ್ಲ" ಎಂದರು. ಪಂಚದಶಿಯ ನೀರು ಬೆಂಕಿಗಳ ದೃಷ್ಟಾಂತಕ್ಕೆ ಇದಕ್ಕಿಂತ ಸಂಕ್ಷಿಪ್ತವಾದ ವ್ಯಾಖ್ಯಾನವನ್ನು ನಾನು ಕೇಳಿಲ್ಲ.

ಮೇಷ್ಟ್ರು ಸುತ್ತಿ ಕಟ್ಟಿದ್ದ ಆ ಗ್ರಂಥವು ಮತ್ತೆ ತೆರೆದದ್ದು ಉಪದೇಶದಿಂದಲ್ಲ. ಎದುರು ಮನೆಯ ಹುಡುಗನೊಬ್ಬನು ಕಾವ್ಯವಾಚನದ ಪರೀಕ್ಷೆಗೆ ಕಟ್ಟಿದ್ದನು. ಅವನ ಮನೆಯಲ್ಲಿ ಶ್ರುತಿಪೆಟ್ಟಿಗೆಯಿರಲಿಲ್ಲ, ಮೇಷ್ಟ್ರ ಮನೆಯಲ್ಲಿತ್ತು. "ನೀವೇನೂ ಹಾಡಬೇಡಿ ಮೇಷ್ಟ್ರೇ, ಶ್ರುತಿ ಹಾಕಿಕೊಂಡು ಕೂತಿದ್ದರೆ ಸಾಕು" ಎಂದು ಕೇಳಿಕೊಂಡನು. ಮಗುವಿನ ಪರೀಕ್ಷೆಯೆಂದಮೇಲೆ ಉಪಾಧ್ಯಾಯನಾದವನು ಇಲ್ಲವೆನ್ನುವುದು ಹೇಗೆ? ಒಪ್ಪಿ, ಪೆಟ್ಟಿಗೆಯ ತಿದಿಯನ್ನು ಎಡಗೈಯಿಂದ ಒತ್ತುತ್ತ, ಗೋಡೆಯ ಕಡೆಗೆ ಮುಖಮಾಡಿ ಕುಳಿತರು. ಹುಡುಗನು ಭಾಮಿನಿಯ ಮೊದಲ ಪದ್ಯವನ್ನು ಓದಿದನು, ಎರಡನೆಯದನ್ನು ಓದಿದನು. ಮೂರನೆಯದರಲ್ಲಿ, ಸಾಲಿನ ತುದಿಯಲ್ಲಿ ಪದವು ಮುಗಿಯದೆ ಮುಂದಿನ ಸಾಲಿಗೆ ಹರಿಯುವ ಒಂದೆಡೆಯಲ್ಲಿ, ಎಲ್ಲ ಕಲಿಯುವವರಂತೆ ಅವನೂ ಸಾಲಿಗೆ ಸರಿಯಾಗಿ ಉಸಿರು ಕಡಿದು ಅರ್ಥವನ್ನು ಎರಡು ಹೋಳುಮಾಡಿದನು. "ಅಲ್ಲಿ ಒಡೀಬಾರದು! ಮುಂದಕ್ಕೆ ಕೂಡಿಸಿ ಓದು" ಎಂದು ಮೇಷ್ಟ್ರು ತಿರುಗಿ ಕುಳಿತರು. ಅವನಿಗೆ ಕೂಡಿಸುವುದು ಬರಲಿಲ್ಲ; ತಾವೇ ಓದಿ ತೋರಿಸಬೇಕಾಯಿತು. ತೋರಿಸಿದ್ದು ಒಂದು ಸಾಲಿಗೆ ನಿಲ್ಲಲಿಲ್ಲ.

ಅಂದಿನ ರಾತ್ರಿಯೂ ಅವರು ಎದ್ದು ಹೋಗಿ ಅಗುಳಿಯನ್ನು ನೋಡಿದರೆಂದು ಅವರ ಮನೆಯವರೇ ಹೇಳಿದರು. ಇದನ್ನು ಮರೆಮಾಚಿದರೆ ಕಥೆಯು ಸೊಗಸಾಗಬಹುದು, ಸತ್ಯವು ಕೆಡುತ್ತದೆ. ಆತಂಕವು ಹೋಗಲಿಲ್ಲ, ಹೋಗದೆಯೇ ಅದರ ಪಕ್ಕದಲ್ಲಿ ಸಂತೋಷಕ್ಕೆ ಒಂದು ಮಣೆ ಬಿತ್ತು. ಅವರನ್ನು ಪುಸ್ತಕದ ಬಳಿಗೆ ಎಳೆದು ತಂದದ್ದು ಓದುವ ಬಯಕೆಯಲ್ಲ, ಪರೋಪಕಾರದ ಒಂದು ಸಣ್ಣ ದಾಕ್ಷಿಣ್ಯ. ವಿದ್ಯಾರಣ್ಯರು ಶಾಂತವೃತ್ತಿಗಳಲ್ಲಿ ಎಣಿಸಿದ ಔದಾರ್ಯವೇ ಅದು, ಬಡವರ ವೇಷದಲ್ಲಿ ಬಂದದ್ದು. ಪ್ರಜಾಪತಿಯು ಬಯಸಿದ ಎರಡನೆಯದಕ್ಕೂ ಇಲ್ಲಿ ರೂಪವು ದೊರೆತಿತ್ತು: ತಪ್ಪಾಗಿ ಪದವಿಭಾಗ ಮಾಡುವ ಒಬ್ಬ ಹುಡುಗ. ಪ್ರಜಾಪತಿಗೆ ಭಯವೂ ಅರತಿಯೂ ಉಂಟಾದವೆಂಬುದರಿಂದ ಆ ಪದವಿಯೂ ಸಂಸಾರದೊಳಗಿನದೇ ಎಂದು ಸಿದ್ಧವಾಯಿತೆಂದು ಶಂಕರರು ಭಾಷ್ಯದಲ್ಲಿ ಹೇಳುತ್ತಾರೆ. ಪರಮಪುರುಷಾರ್ಥದ ದೃಷ್ಟಿಯಿಂದ ಎರಡನೆಯದನ್ನು ಬಯಸುವುದೇ ಬಂಧವೆಂದು ಆಕ್ಷೇಪಿಸಬಹುದು. ಇರಬಹುದು. ನಾವು ಮಾತನಾಡುತ್ತಿರುವುದು ಸಂಸಾರದೊಳಗೇ ಇರುವವರನ್ನು ಕುರಿತು. ಪ್ರಜಾಪತಿಗೇ ಸಾಧ್ಯವಾಗದ ಏಕಾಂತಾನಂದವನ್ನು ನಡುಗುವ ಕೈಯ ಗೃಹಸ್ಥನಿಂದ ಅಪೇಕ್ಷಿಸುವುದು ನ್ಯಾಯವಲ್ಲ.

ಇನ್ನು ಪ್ರಯೋಜನದ ಪ್ರಶ್ನೆ. ಆತಂಕಗೊಂಡ ಮನಸ್ಸು ಪ್ರತಿಯೊಂದು ಕೆಲಸದ ಹೊಸ್ತಿಲಲ್ಲಿಯೂ, ಇದರಿಂದ ಏನು ಫಲ ಎಂದು ಕೇಳುತ್ತದೆ. ಉತ್ತರ ಬರುವವರೆಗೆ ಹೊಸ್ತಿಲು ದಾಟುವುದಿಲ್ಲ. ಇದೇ ಪ್ರಶ್ನೆಯನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಪೂರ್ವಪಕ್ಷಿಯು ಪರಮಾತ್ಮನನ್ನು ಕುರಿತೇ ಎತ್ತುತ್ತಾನೆ. ಪ್ರಯೋಜನವಿಲ್ಲದೆ ಬುದ್ಧಿವಂತನು ಯಾವುದನ್ನೂ ಮಾಡುವುದಿಲ್ಲ. ಪರಿಪೂರ್ಣನಿಗೆ ಪ್ರಯೋಜನವೇನೂ ಇರಲಾರದು. ಆದ್ದರಿಂದ ಅವನು ಜಗತ್ತನ್ನು ಸೃಷ್ಟಿಸಿರಲಾರನು. ಸಿದ್ಧಾಂತಿಯು ಪ್ರಯೋಜನವನ್ನು ಹುಡುಕಿಕೊಡಲು ಹೋಗದೆ, ಲೋಕದಲ್ಲಿ ಕಾಣುವ ಲೀಲೆಯಂತೆ ಇದು ಎಂದು ಉತ್ತರಕೊಡುತ್ತಾನೆ. ಆಚಾರ್ಯರು ಮೂವರೂ ಇಲ್ಲಿ ಕೊಡುವ ದೃಷ್ಟಾಂತಗಳನ್ನು ಒಟ್ಟಿಗೆ ಇಟ್ಟು ನೋಡುವುದು ನನಗೆ ಬಹಳ ಪ್ರಿಯವಾದ ಅಭ್ಯಾಸ. ರಾಮಾನುಜರು ಸಪ್ತದ್ವೀಪಗಳ ಭೂಮಿಯನ್ನೆಲ್ಲ ಆಳುವ ಮಹಾರಾಜನು ಚೆಂಡಾಟದಲ್ಲಿ ತೊಡಗುವುದನ್ನು ಹೇಳುತ್ತಾರೆ. ನಮ್ಮ ಉಡುಪಿಯ ಮಧ್ವರು ಸುಖದ ಉಕ್ಕಿನಿಂದ ಮತ್ತನಾದವನು ಕುಣಿದು ಹಾಡುವುದನ್ನು ಹೇಳುತ್ತಾರೆ. ಶಂಕರರು ರಾಜನ ವಿಹಾರವನ್ನು ಹೇಳಿ, ಅದರ ಜೊತೆಗೇ ಉಸಿರಾಟವನ್ನು ಹೇಳುತ್ತಾರೆ: ಹೊರಗಿನ ಯಾವ ಫಲವನ್ನೂ ಎಣಿಸದೆ, ಸ್ವಭಾವದಿಂದಲೇ, ಉಚ್ಛ್ವಾಸ ನಿಶ್ವಾಸಗಳು ನಡೆಯುವುದಿಲ್ಲವೆ?

ಭಗವಂತನ ಮಟ್ಟಿಗೆ ಮೂರೂ ಒಪ್ಪತಕ್ಕವೇ. ಆತಂಕದಲ್ಲಿರುವ ಮನುಷ್ಯನಿಗೆ ಇವುಗಳಲ್ಲಿ ಯಾವುದು ಸಲ್ಲುವುದೆಂದು ಕೇಳಿದರೆ, ಮಧ್ವರ ಮತ್ತನು ಅವನಿಗೆ ಬಹುದೂರ. ಉಕ್ಕುವುದಕ್ಕೆ ಅವನ ಪಾತ್ರೆಯಲ್ಲಿ ಇರುವುದೇ ತಳಮಟ್ಟ. ರಾಮಾನುಜರ ಚಕ್ರವರ್ತಿಗೆ ಗಳಿಸಬೇಕಾದದ್ದು ಏನೂ ಉಳಿದಿಲ್ಲ. ನಮ್ಮವನಿಗೆ ಎಲ್ಲವೂ ಉಳಿದಿದೆ, ಉಳಿದಿರುವುದು ಕೈತಪ್ಪುವುದೆಂಬ ಅಂಜಿಕೆಯೂ ಇದೆ. ಉಸಿರಿನ ದೃಷ್ಟಾಂತವೊಂದು ಅವನ ಹತ್ತಿರಕ್ಕೆ ಬರುತ್ತದೆ. ಅದಕ್ಕೆ ಪೂರ್ಣತೆಯೂ ಬೇಡ, ಉತ್ಸಾಹವೂ ಬೇಡ. ಪತಂಜಲಿಗಳು ಚಿತ್ತವಿಕ್ಷೇಪದ ಒಡನಾಡಿಗಳನ್ನು ಎಣಿಸುವಾಗ ದುಃಖ, ಮನಸ್ಸಿನ ಕ್ಷೋಭೆ, ಮೈನಡುಕಗಳೊಡನೆ ಶ್ವಾಸ ಪ್ರಶ್ವಾಸಗಳ ಅವ್ಯವಸ್ಥೆಯನ್ನೂ ಸೇರಿಸುತ್ತಾರೆ. ಆತಂಕವನ್ನು ಬಲ್ಲವರಿಗೆಲ್ಲ ಇದು ತಿಳಿದದ್ದೇ. ಕೆಟ್ಟ ಉಸಿರಾದರೂ ನಿಲ್ಲದೆ ನಡೆಯುತ್ತದೆ. ಹಾಗೆಯೇ, ಚೆನ್ನಾಗಿ ಬರಲಿ ಬಾರದಿರಲಿ, ಸುಖವಾಗಲಿ ಆಗದಿರಲಿ, ಸಂಜೆಯಾಯಿತೆಂದರೆ ಮಗ್ಗುಲ ಮನೆಯವರೊಡನೆ ಚೌಕಾಬಾರಕ್ಕೆ ಕವಡೆಗಳನ್ನು ಹಾಕುವುದು ನಡೆಯಬಹುದು. ಗೆದ್ದರೆ ಏನು ಬಂತು ಎಂಬ ಪ್ರಶ್ನೆಗೆ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ.

ಪ್ರಯೋಜನವು ಬಂದು ಹೊಕ್ಕರೆ ಏನಾಗುವುದೆಂಬುದಕ್ಕೂ ಮೇಷ್ಟ್ರೇ ಸಾಕ್ಷಿ. ನಮ್ಮ ಸೀಮೆಯಲ್ಲಿ ಮಳೆ ಹಿಂದೆಗೆದರೆ ವಿರಾಟಪರ್ವವನ್ನು ಓದಿಸುವ ವಾಡಿಕೆಯುಂಟಷ್ಟೆ. ಅವರು ಮತ್ತೆ ಓದಲು ತೊಡಗಿದ್ದಾರೆಂಬ ಸುದ್ದಿ ಹಬ್ಬಿ, ಹತ್ತಿರದ ಹಳ್ಳಿಯೊಂದರಿಂದ ನಾಲ್ಕು ಜನ ಎಲೆಯಡಿಕೆ ಹಿಡಿದು ಬಂದರು. ಮೇಷ್ಟ್ರ ಮುಖ ಬಿಳುಪೇರಿತು. ಓದಿದರೂ ಮಳೆ ಬಾರದಿದ್ದರೆ? ತನ್ನ ಉಚ್ಚಾರದ ದೋಷದಿಂದಲೇ ಮೋಡ ಚದರಿತೆಂದು ಊರು ಅಂದರೆ? ಆ ರಾತ್ರಿ ಅಗುಳಿಯ ಬಳಿಗೆ ಹೋಗಿಬಂದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಡೆಗೆ ಬೇರೊಬ್ಬ ಗಮಕಿಗಳ ಹೆಸರು ಹೇಳಿ ಬಂದವರನ್ನು ಕಳುಹಿಸಿಕೊಟ್ಟರು; ಮಾರನೆಯ ದಿನ ಹುಡುಗನು ಬಂದಾಗ, ಅದೇ ವಿರಾಟಪರ್ವದ ಉತ್ತರಕುಮಾರನ ಜಂಬವನ್ನು ನಗುನಗುತ್ತ ಓದಿದರು. ಜಗಲಿಯಲ್ಲಿ ಓದಿದ್ದಕ್ಕೆ ಮಳೆಯ ಹೊಣೆಯಿರಲಿಲ್ಲ.

ಇಲ್ಲಿ ತೀಕ್ಷ್ಣಮತಿಗಳಾದ ಓದುಗರು ಒಂದು ತೊಡಕನ್ನು ಎತ್ತಬಹುದು. ನನಗೂ ಅದು ಸುಲಭವಾಗಿ ಬಿಡಿಸುವಂಥದಾಗಿ ತೋರಿಲ್ಲ. ಲೀಲೆಯು ನಿಷ್ಪ್ರಯೋಜನವಾಗಿರಬೇಕೆಂದ ಮೇಲೆ, ಕಳವಳದ ನಡುವೆ ಪ್ರಿಯವಾದದ್ದನ್ನು ಮಾಡಿರಿ, ಅದರಿಂದ ಒಳ್ಳೆಯದಾಗುತ್ತದೆ ಎಂದು ಹೇಳುವುದು ಅದಕ್ಕೆ ಪ್ರಯೋಜನವನ್ನು ಅಂಟಿಸಿದಂತಾಗಲಿಲ್ಲವೆ? ಚರಕರು ಹರ್ಷವನ್ನು ಪಥ್ಯವೆಂದು ಬರೆದುಕೊಟ್ಟ ಕ್ಷಣದಲ್ಲೇ ಅದರ ಹರ್ಷತ್ವವು ಹಾರಿಹೋಗಲಿಲ್ಲವೆ? ಈಗಿನ ಮನೋವೈದ್ಯರೂ ಇಂಥದೇ ಚಿಕಿತ್ಸೆಯೊಂದನ್ನು ಹೇಳುತ್ತಾರೆ: ಉತ್ಸಾಹವು ಬರಲೆಂದು ಕಾಯದೆ, ಮೊದಲು ಹಿತವಾಗಿದ್ದ ಸಣ್ಣಸಣ್ಣ ಕೆಲಸಗಳನ್ನು ವೇಳಾಪಟ್ಟಿಯಲ್ಲಿ ಬರೆದಿಟ್ಟು, ಆ ಹೊತ್ತಿಗೆ ಮಾಡುವುದು, ಮಾಡುವುದು ಮುಂದೆ, ಮನಸ್ಸು ಬರುವುದು ಹಿಂದೆ. ಆತಂಕವು ನಿದ್ದೆಯನ್ನೂ ಊಟವನ್ನೂ ಕಸಿದುಕೊಳ್ಳುವಷ್ಟು ಬೆಳೆದಾಗ ಅಂಥ ವೈದ್ಯರ ಬಳಿಗೆ, ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆಗೆ, ಹೋಗತಕ್ಕದ್ದೇ ಹೊರತು ವೇದಾಂತವನ್ನು ಮದ್ದಿಗೆ ಬದಲಾಗಿ ಕುಡಿಯಬಾರದೆಂದು ನಾನು ದೃಢವಾಗಿ ನಂಬಿದ್ದೇನೆ. ಆದರೂ ವೇಳಾಪಟ್ಟಿಯ ಆನಂದವೆಂದರೆ ಕೇಳುವುದಕ್ಕೇ ಒಂದು ಬಗೆಯಾಗುತ್ತದೆ.

ಮೀಮಾಂಸಕರ ಯಾಗಶಾಲೆಯನ್ನು ನೋಡಿದರೆ ಈ ತೊಡಕು ಅರ್ಧದಷ್ಟಾದರೂ ಸಡಿಲುವುದೆಂದು ತೋರುತ್ತದೆ. ಸ್ವರ್ಗವನ್ನು ಬಯಸುವವನು ಯಾಗಕ್ಕೆ ಅಧಿಕಾರಿ. ಆ ಬಯಕೆಯಿಲ್ಲದೆ ಅವನು ಯಾಗಶಾಲೆಗೆ ಕಾಲಿಡುತ್ತಲೇ ಇರಲಿಲ್ಲ. ಒಳಗೆ ಬಂದಮೇಲೆ ಮಾತ್ರ ಯಾವ ಆಹುತಿ ಮೊದಲು, ಯಾವುದು ಅನಂತರ, ಯಾವ ಪಾತ್ರೆ ಎಲ್ಲಿರಬೇಕು ಎಂಬುದರಲ್ಲಿಯೇ ಅವನೂ ಋತ್ವಿಜರೂ ತೊಡಗಿರಬೇಕು. ಹೆಜ್ಜೆಹೆಜ್ಜೆಗೂ ಸ್ವರ್ಗವು ಎಷ್ಟು ಹತ್ತಿರ ಬಂತೆಂದು ಕತ್ತೆತ್ತಿ ನೋಡುವ ಯಜಮಾನನಿಂದ ಕ್ರಮವು ಕೆಡುತ್ತದೆ. ಬಾಗಿಲವರೆಗೆ ಕೈಹಿಡಿದು ತರುವ ಪ್ರಯೋಜನವು ಬಾಗಿಲ ಹೊರಗೇ ಉಳಿಯಲು ಸಾಧ್ಯವಿದೆ. ವೈದ್ಯರ ವೇಳಾಪಟ್ಟಿಯನ್ನಾಗಲಿ ಹುಡುಗನ ಪರೀಕ್ಷೆಯನ್ನಾಗಲಿ ನಾನು ಈ ದ್ವಾರಪಾಲಕರ ಸ್ಥಾನದಲ್ಲಿ ಇಡುತ್ತೇನೆ. ಉಳಿದ ಅರ್ಧ ತೊಡಕು ಹಾಗೆಯೇ ಇದೆ: ಒಳಗೆ ಕುಳಿತು ಹತ್ತು ನಿಮಿಷಕ್ಕೊಮ್ಮೆ, ನನಗೆ ಈಗ ಸಂತೋಷವಾಯಿತೆ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಚಾಳಿಯನ್ನು ಆತಂಕವು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಆತಂಕವು ಬಿಡದಿದ್ದರೂ ಆಟವು ನಡೆಯಬಲ್ಲದೆಂಬುದಕ್ಕೆ ನಿದರ್ಶನವಾಗಿ, ರಾಮಾನುಜರ ಚಕ್ರವರ್ತಿಗೆ ನೇರವಾಗಿ ವಿರುದ್ಧವಾದ ಸ್ಥಿತಿಯ ಒಬ್ಬ ಅರಸರು ನಮ್ಮ ಚರಿತ್ರೆಯಲ್ಲಿಯೇ ಇದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟಕ್ಕೆ ಬಂದು, 1831ರಲ್ಲಿ ರಾಜ್ಯದ ಆಡಳಿತವನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಯಿತು. ಅಲ್ಲಿಂದ 1868ರಲ್ಲಿ ಕಾಲವಾಗುವವರೆಗೆ, ಸುಮಾರು ಮೂವತ್ತೇಳು ವರ್ಷ, ಅವರು ಆಳದ ಅರಸರು. ರಾಜ್ಯವು ಮರಳಿ ಬರುವುದೋ ಇಲ್ಲವೋ, ಔರಸಪುತ್ರನಿಲ್ಲದ ತಮ್ಮ ಬಳಿಕ ಸಂಸ್ಥಾನವೇ ಉಳಿಯುವುದೋ ಅಳಿಯುವುದೋ ಎಂಬ ಚಿಂತೆಗೆ ಕಾರಣವು ಕಲ್ಪನೆಯದಾಗಿರಲಿಲ್ಲ. ಸುತ್ತಣ ಸಂಸ್ಥಾನಗಳು ಒಂದೊಂದಾಗಿ ಕಂಪನಿಯ ಹೊಟ್ಟೆಗೆ ಸೇರುತ್ತಿದ್ದ ಕಾಲ ಅದು. ಆ ವರ್ಷಗಳಲ್ಲಿ ಅವರು ಚದುರಂಗದ ಹಲಗೆಗಳನ್ನು ಮಾಡಿಸಿದರು. ಗಂಜೀಫಾ ಎಲೆಗಳ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು. ಕುದುರೆಯೊಂದು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ನಡೆಯ ಲೆಕ್ಕಗಳನ್ನು ಕಟ್ಟಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಎಂಟು ದೇವತೆಗಳಿಗೆ, ಗ್ರಹಗಳಿಗೆ, ಆಗಮಗಳಿಗೆ ಸಂದರೆ, ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಆಟಗಳು ಸೇರಿವೆ. ದೇವತಾಧ್ಯಾನಗಳ ಗ್ರಂಥದಲ್ಲಿ ಪಂದ್ಯದಾಟಗಳಿಗೂ ಒಂದು ನಿಧಿಯನ್ನು ತೆಗೆದಿಡುವುದಕ್ಕೆ ಅವರಿಗೆ ಸಂಕೋಚವಾಗಲಿಲ್ಲ.

ಇದನ್ನು ಪಲಾಯನವೆಂದು ಹೇಳಿದವರುಂಟು. ರಾಜ್ಯ ಹೋದವನಿಗೆ ಹಲಗೆಯೇ ರಾಜ್ಯವಾಯಿತೆಂಬ ಅಗ್ಗದ ಮಾತೂ ಉಂಟು. ಮಾತು ಚೆನ್ನಾಗಿದೆ, ಚರಿತ್ರೆಯು ಅದಕ್ಕೆ ಒಪ್ಪುವುದಿಲ್ಲ. ಅವರು ಆಟದಲ್ಲಿ ರಾಜ್ಯವನ್ನು ಮರೆತವರಲ್ಲ. ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂಬ ಮನವಿಗಳು ಅರಮನೆಯಿಂದ ಹೋಗುತ್ತಲೇ ಇದ್ದವು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಎರಡು ವರ್ಷಗಳ ಮೇಲೆ ಆ ದತ್ತಕಕ್ಕೆ ಬ್ರಿಟಿಷ್ ಸರಕಾರದ ಒಪ್ಪಿಗೆಯೂ ಬಂತು. ಆ ದತ್ತುಪುತ್ರರಿಗೆ ರಾಜ್ಯವು ಮರಳಿದ್ದು 1881ರಲ್ಲಿ, ಇವರು ಅದನ್ನು ನೋಡಲಿಲ್ಲ. ಚಿಂತೆ ತೀರಲಿ, ಅನಂತರ ಆಡೋಣವೆಂದು ಕುಳಿತಿದ್ದರೆ ಅವರಿಗೆ ಆಡುವ ದಿನವೇ ಬರುತ್ತಿರಲಿಲ್ಲ. ಆಟವಾಡಿ ಚಿಂತೆಯನ್ನು ಕಳೆಯುತ್ತೇನೆಂದು ಹೊರಟಿದ್ದರೆ ಒಂದೆರಡು ವರ್ಷದಲ್ಲಿ ಬೇಸತ್ತು ಹಲಗೆಯನ್ನು ಅಟ್ಟಕ್ಕೆ ಹಾಕಿಸುತ್ತಿದ್ದರು. ಮುಂಜಾನೆಯ ಮನವಿಗೆ ಸಂಜೆಯ ಕುದುರೆ ಪರಿಹಾರವಾಗಿರಲಿಲ್ಲ, ಸಂಜೆಯ ಕುದುರೆಗೆ ಮುಂಜಾನೆಯ ಮನವಿ ಅಡ್ಡಿಯೂ ಆಗಿರಲಿಲ್ಲ; ಎರಡನ್ನೂ ಅವರು ಒಂದೇ ಕೈಯಿಂದ ನಡೆಸಿದರು.